ಸುಜಾತಕ್ಕನಿಗೊಂದು ಪಾರ್ಟು

ಕುಶಲಣ್ಣ ಬರೆದ ನಾಟಕಗಳೆಷ್ಟು ಎಂದು ಕುಶಲಣ್ಣನನ್ನೇ ಕೇಳಬಾರದು. ಒಮ್ಮೆ ನೂರು ಎನ್ನುತ್ತಾರೆ, ಮನಸ್ಸು ಖುಷಿಯಲ್ಲಿದ್ದರೆ ಇನ್ನೂರಕ್ಕೆ ಏರಿಸುತ್ತಾರೆ. ಸರಿಯಾದ ಉತ್ತರ ಬೇಕಿದ್ದರೆ ಅವರ ಹೆಂಡತಿ ಸುಜಾತಕ್ಕನನ್ನು ಕೇಳಬೇಕು. ಒಂಬತ್ತು ವಿಡಿಯೋ ಸಿನಿಮಾ, ನೂರ ಹದಿನೇಳು ನಾಟಕ. ನಲವತ್ತು ವರ್ಷಗಳಲ್ಲಿ, ಅದೂ ಬಹ್ರೈನಿನ ಟುಬ್ಲಿಯ ಒಂದು ಗ್ಯಾರೇಜಿನ ಸ್ಪೇರ್ ಪಾರ್ಟ್ಸ್ ಸ್ಟೋರಿನಲ್ಲಿ ಕೂತು, ಬೇರಿಂಗು ಬೆಲ್ಟುಗಳ ನಡುವೆ, ಮೆಕ್ಯಾನಿಕ್‌ಗಳು "ಜಲ್ದೀ ದೇದೋ ಭಾಯ್" ಎಂದು ಕೌಂಟರ್ ಬಡಿಯುತ್ತಿರುವಾಗ ಬರೆದವು. ಬಹ್ರೈನಿನಲ್ಲಿ ಕನ್ನಡ ಮಾತಾಡುವ ಯಾವ ಮನೆಗೆ ಹೋದರೂ ಕುಶಲಣ್ಣನ ನಾಟಕದಲ್ಲಿ ಪೊಲೀಸೋ ಪುರೋಹಿತನೋ ಆದವರು ಒಬ್ಬರಾದರೂ ಸಿಗುತ್ತಾರೆ. ಆದರೆ ಆ ನೂರ ಇಪ್ಪತ್ತಾರರಲ್ಲಿ ಒಂದರಲ್ಲೂ ಸುಜಾತಕ್ಕನಿಗೆಂದೇ ಬರೆದ ಪಾತ್ರ ಇರಲಿಲ್ಲ. ಇದು ಕುಶಲಣ್ಣನ ತಲೆಗೆ ಹೋದದ್ದು ಕೆಲಸ ಬಿಟ್ಟು ಶಾಶ್ವತವಾಗಿ ಊರಿಗೆ ಹೊರಡಲು ಐದು ವಾರ ಉಳಿದಿರುವಾಗ. ನೋಡಿ, ಎಂಥ ಮನುಷ್ಯ!

ಆ ಶನಿವಾರ ಅವರು ಮಂಚದಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದು ನೆಲದ ಮೇಲೆ ಕೂತಿದ್ದರು. ಪೆಟ್ಟಿಗೆಯ ತುಂಬ ಜಾಬ್ ಕಾರ್ಡುಗಳು. ಗ್ಯಾರೇಜಿಗೆ ಬಂದ ಗಾಡಿಯ ನಂಬರು, ಏನು ಕೆಟ್ಟಿದೆ, ಏನು ಹಾಕಬೇಕು ಎಂದು ಬರೆಯುವ ದಪ್ಪ ಹಳದಿ ಕಾಗದ. ಕೆಲಸ ಮುಗಿದ ಕಾರ್ಡುಗಳನ್ನು ಎಸೆಯುವ ಬದಲು ಕುಶಲಣ್ಣ ಅವುಗಳ ಬೆನ್ನಿನ ಮೇಲೆ ನಾಟಕ ಬರೆಯುತ್ತಿದ್ದರು. ಇಡೀ ನಾಟಕವನ್ನು ಒಟ್ಟಿಗೆ ಬರೆದಿಡುವ ಪದ್ಧತಿಯೇ ಅವರಲ್ಲಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು. ಮೇಲೆ ಆಡುವವರ ಹೆಸರು, ಕೆಳಗೆ ಅವರ ಮಾತು, ಪ್ರತಿ ಮಾತಿನ ಮುಂಚೆ ಎದುರಿನವರ ಕೊನೆಯ ಎರಡು ಶಬ್ದ ಕೆಂಪು ಶಾಯಿಯಲ್ಲಿ. ಕೆಂಪು ಶಬ್ದ ಕಿವಿಗೆ ಬಿದ್ದ ಕೂಡಲೇ ಬಾಯಿ ತೆರೆಯಬೇಕು, ಅಷ್ಟೇ. ಬಸ್ಸಿನಲ್ಲಿ ನಿಂತು, ಅನ್ನ ಬೇಯುವುದನ್ನು ಕಾಯುತ್ತ ಬಾಯಿಪಾಠ ಮಾಡುವವರಿಗೆ ಇಡೀ ನಾಟಕ ಯಾಕೆ?

ಯಾವುದನ್ನು ಊರಿಗೆ ಕಾರ್ಗೋದಲ್ಲಿ ಹಾಕಬೇಕು, ಯಾವುದನ್ನು ಬಿಸಾಡಬೇಕು ಎಂದು ಅವರು ಒಂದೊಂದೇ ಕಾರ್ಡು ತೆಗೆದು ಹೆಸರು ಓದುತ್ತಿದ್ದರು. "ಲಾನ್ಸೆಲೊಟ್... ಲಾರೆನ್ಸ್... ಐವಿ ಬಾಯಿ, ಐವಿ ಬಾಯಿ, ಇದೂ ಐವಿ ಬಾಯಿ..."

ಸುಜಾತಕ್ಕ ಎದುರಿಗೆ ಕೂತು ಬೆಡ್‌ಶೀಟು ಮಡಚುತ್ತಿದ್ದರು. "ಅದರಲ್ಲಿ ನನ್ನದು ಯಾವುದು?" ಎಂದು ತಲೆಯೆತ್ತದೆ ಕೇಳಿದರು.

"ನಿನ್ನದಾ? ಬೇಕಾದಷ್ಟು ಉಂಟಲ್ಲ. ತಡಿ, ಹುಡುಕುವ."

ಹುಡುಕಿದರು. ಚಹಾ ತಣ್ಣಗಾಯಿತು, ಪೆಟ್ಟಿಗೆಯ ತಳ ಕಂಡಿತು, ಕುಶಲಣ್ಣನ ಸುತ್ತ ಹಳದಿ ಕಾರ್ಡುಗಳ ರಾಶಿ ಬಿತ್ತು. ಸುಜಾತಾ ಎಂದು ಬರೆದ ಕಾರ್ಡು ಒಂದೂ ಇಲ್ಲ. ಅವರು ರಾಶಿಯನ್ನು ತಿರುವಿ ಹಾಕಿ ಇನ್ನೊಮ್ಮೆ ನೋಡಿದರು.

"ಪ್ರತಿಯೊಂದರಲ್ಲೂ ನೀನು ಇದ್ದಿಯಲ್ಲ ಮಾರಾಯ್ತಿ," ಎಂದರು ಕೊನೆಗೆ.

"ಇದ್ದೆ. ಯಾರಾದ್ರೂ ಬಾರದಾಗ. ಅವರ ಮೀಸೆ ಅಂಟಿಸಿಕೊಂಡು." ಸುಜಾತಕ್ಕ ಬೆಡ್‌ಶೀಟು ಬದಿಗಿಟ್ಟರು. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಹೇಳುದು ನಿಮ್ಮಂಥವರಿಗೇ. ಕೇಳಿ ಇಲ್ಲಿ. ಇಷ್ಟು ವರ್ಷ ನಾನು ಬಾಯಿ ಬಿಟ್ಟು ಕೇಳ್ಲಿಲ್ಲ, ಈಗ ಕೇಳ್ತೇನೆ. ಹೊರಡುವ ಮೊದಲು ನನಗೊಂದು ಪಾರ್ಟು ಬರೀರಿ. ಮೇಲೆ ನನ್ನ ಹೆಸರು ಹಾಕಿ. ನಾನು ಬಾರದಿದ್ರೆ ನಾಟಕ ನಿಲ್ಲಬೇಕು, ಅಂಥ ಪಾರ್ಟು. ಊರಲ್ಲಿ ನಿಮಗೆ ಯಾರು ಸ್ಟೇಜು ಕೊಡ್ತಾರೆ? ಇಲ್ಲಿ ಆಗದ್ದು ಇನ್ನೆಲ್ಲಿಯೂ ಆಗ್ಲಿಕ್ಕಿಲ್ಲ."

ಹೇಳಿ ಮುಗಿಸಿ ಅವರು ಅಡುಗೆಮನೆಗೆ ಹೋದರು. ಕುಶಲಣ್ಣ ಕಾರ್ಡುಗಳ ನಡುವೆಯೇ ಕೂತರು. ನಾಚಿಕೆಯಾಯಿತು. ಆದರೆ ಅವರು ಬೇಕೆಂದು ಮಾಡಿದ್ದಲ್ಲ, ಅದೂ ನಿಜ. ಹಾಗಾದದ್ದಕ್ಕೆ ಕಾರಣ ಬೇಕಾದರೆ ನಾವು ಲಾನ್ಸೆಲೊಟ್‌ನ ಶುಕ್ರವಾರಕ್ಕೆ ಹೋಗಬೇಕು.

ಅದು ಸೌದಿಗೆ ಸೇತುವೆ ತೆರೆದ ವರ್ಷ. ಇಪ್ಪತ್ತೈದರ ಕುಶಲಣ್ಣ ಸುರತ್ಕಲ್ಲಿನಿಂದ ಬಂದು ಒಂದು ವರ್ಷವಾಗಿತ್ತು. ಮನಾಮದ ಒಂದು ಕೋಣೆಯಲ್ಲಿ ಏಳು ಮಂದಿ. ಅವರಲ್ಲಿ ಲಾರೆನ್ಸ್ ಎಂಬವನು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿಯ ಅರಬಾಬನ, ಎಂದರೆ ಧಣಿಯ, ಕೈಕಾಲು ಹಿಡಿದು ರಜೆಯ ದಿನವಾದ ಶುಕ್ರವಾರದ ಮಟ್ಟಿಗೆ ಒಂದು ವಿಡಿಯೋ ಕ್ಯಾಮೆರಾ ತರುತ್ತಿದ್ದ. ಕ್ಯಾಮೆರಾ ಅಂದರೆ ಏನು, ಹೆಗಲ ಮೇಲೆ ಅಕ್ಕಿಮುಡಿ ಹೊತ್ತ ಹಾಗೆ! ಕ್ಯಾಮೆರಾ ಬಂದ ಮೇಲೆ ಸಿನಿಮಾ ಬೇಡವೇ? ಕತೆ ಬರೆಯುವವರು ಯಾರು ಎಂದಾಗ ಎಲ್ಲರ ಕಣ್ಣು ಕುಶಲಣ್ಣನ ಮೇಲೆ ಬಿತ್ತು. ಕೋಣೆಯವರೆಲ್ಲರ ಪರವಾಗಿ ಊರಿಗೆ ಕಾಗದ ಬರೆದುಕೊಡುತ್ತಿದ್ದವರು ಅವರೇ. ಒಬ್ಬನ ತಾಯಿಗೆ ಒಂದು ಬಗೆ, ಇನ್ನೊಬ್ಬನ ಹೆಂಡತಿಗೆ ಇನ್ನೊಂದು ಬಗೆ, ಓದಿದವರು ಅಳಬೇಕು, ಹಾಗೆ ಬರೆಯುತ್ತಿದ್ದರು.

ತೆಗೆದದ್ದನ್ನು ಕತ್ತರಿಸಿ ಜೋಡಿಸುವ ಯಂತ್ರ ಇರಲಿಲ್ಲ. ಮೊದಲ ದೃಶ್ಯದಿಂದ ಕೊನೆಯವರೆಗೆ ಸಾಲಾಗಿ ತೆಗೆಯಬೇಕು, ಒಮ್ಮೆ ತೆಗೆದದ್ದು ತೆಗೆದದ್ದೇ. ಟುಬ್ಲಿಯ ಕೆಸರಿನ ಕಡಲು ನೇತ್ರಾವತಿಯಾಯಿತು. ಸಲ್ಮಾನಿಯಾದ ಪಾರ್ಕು ನಾಯಕಿಯ ತೋಟವಾಯಿತು. ಊರಿನಲ್ಲಿ ಆ ಕ್ಯಾಸೆಟ್ ನೋಡಿದವರು "ಇವರ ತೋಟದಲ್ಲಿ ಖರ್ಜೂರದ ಮರ ಎಲ್ಲಿಂದ ಬಂತು ಮಾರಾಯ?" ಎಂದು ಕೇಳಿದರಂತೆ. ನಾಯಕಿ ಐವಿ ಬಾಯಿ, ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದ್ದ ನರ್ಸ್. ನಾಯಕ ಲಾನ್ಸೆಲೊಟ್. ನೋಡಲು ಚೆಲುವ, ಹಣೆಗೆ ಇಳಿಯುವ ಕೂದಲು, ಮಾತು ಮಾತ್ರ ಸ್ವಲ್ಪ ಗಡಿಬಿಡಿ. ಮೂರು ಶುಕ್ರವಾರ ಶೂಟಿಂಗ್ ನಡೆಯಿತು. ನಾಲ್ಕನೆಯ ವಾರ, ಗುರುವಾರ ಸಂಜೆ, ಲಾನ್ಸೆಲೊಟ್‌ನ ಕಂಪೆನಿ ಅವನ ವೀಸಾ ಕ್ಯಾನ್ಸಲ್ ಮಾಡಿ ವಿಮಾನ ಹತ್ತಿಸಿಯೇ ಬಿಟ್ಟಿತು. ಖಲಾಸ್. ಅವನು ಸಿನಿಮಾದಲ್ಲಿ ತೊಟ್ಟ ನೀಲಿ ಶರ್ಟು ಮಾತ್ರ ಕೋಣೆಯ ಹಗ್ಗದ ಮೇಲೆ ನೇತಾಡುತ್ತ ಉಳಿಯಿತು.

"ಬರೆದವನು ನೀನೇ ಅಲ್ವಾ, ನೀನೇ ಹಾಕು," ಎಂದ ಲಾರೆನ್ಸ್. ಕುಶಲಣ್ಣ ಆ ನೀಲಿ ಶರ್ಟು ತೊಟ್ಟು ಖರ್ಜೂರದ ಮರದಡಿ ನಿಂತರು. ಹೇಳಬೇಕಾದದ್ದು ಒಂದೇ ಮಾತು, ಅದೂ ತಾನೇ ಬರೆದದ್ದು. ಕ್ಯಾಮೆರಾದ ಕೆಂಪು ದೀಪ ಹೊತ್ತಿದ್ದೇ ಅವರ ಬಾಯಿ ಒಣಗಿತು, ಆ ಒಂದು ಮಾತು ಹೊರಡಲೇ ಇಲ್ಲ. ಹನ್ನೊಂದು ನಿಮಿಷ ನಿಂತರು. ಐವಿ ಬಾಯಿ ಪಾಪ, ಕಣ್ಣೀರಿನ ದೃಶ್ಯವೆಂದು ನಗು ತಡೆದು ತಡೆದು ಕೊನೆಗೆ ನೆಲಕ್ಕೆ ಕೂತು ನಕ್ಕರು. ಸಿನಿಮಾ ಅಲ್ಲಿಗೇ ಸತ್ತಿತು. ಆದರೆ ಆ ಕ್ಯಾಸೆಟ್ ಸಾಯಲಿಲ್ಲ. ಅದು ಕೋಣೆಯಿಂದ ಕೋಣೆಗೆ ಹೋಯಿತು, ಯಾರೋ ರಜೆಗೆ ಹೋಗುವವರ ಚೀಲದಲ್ಲಿ ಊರಿಗೂ ತಲುಪಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅಂದಿನಿಂದ ಕುಶಲಣ್ಣ ಸ್ಟೇಜು ಹತ್ತಲಿಲ್ಲ. ಸನ್ಮಾನಕ್ಕೆ ಕರೆದರೂ ಹತ್ತಲಿಲ್ಲ. ಅವರ ಮನೆಯ ಕಪಾಟಿನಲ್ಲಿರುವ ಹದಿನಾಲ್ಕು ಶಾಲುಗಳೂ ಸುಜಾತಕ್ಕನ ಹೆಗಲಿಗೆ ಬಿದ್ದವು.

ಆ ಶುಕ್ರವಾರವೇ ಅವರು ಒಂದು ನಿಯಮ ಮಾಡಿಕೊಂಡರು. ಯಾರನ್ನು ಕಳಚಿದರೂ ನಾಟಕ ಓಡಬೇಕು. ಇಲ್ಲಿ ಯಾರ ವೀಸಾ ಯಾವಾಗ ಮುಗಿಯುತ್ತದೆ, ಯಾರಿಗೆ ಯಾವಾಗ ಡ್ಯೂಟಿ ಬೀಳುತ್ತದೆ ಎಂದು ದೇವರಿಗೂ ಗೊತ್ತಿಲ್ಲ. ಆದ್ದರಿಂದ ಮುಖ್ಯ ಸಂಗತಿಯನ್ನು ಯಾವಾಗಲೂ ಇಬ್ಬರ ಬಾಯಲ್ಲಿ ಇಡುತ್ತಿದ್ದರು. ಮಾವ ಬಾರದಿದ್ದರೆ ಅತ್ತೆ ಹೇಳಬೇಕು, ಅತ್ತೆಗೆ ಡ್ಯೂಟಿ ಬಿದ್ದರೆ ಅಡುಗೆಯವನು ಹೇಳಬೇಕು. ಯಾರೂ ಇಲ್ಲದಿದ್ದರೆ ಲಕೋಟೆ. ಬಾರದವನ ಮಾತನ್ನೆಲ್ಲ ಪತ್ರ ಮಾಡಿ ಇನ್ನೊಬ್ಬರು ಸ್ಟೇಜಿನಲ್ಲಿ ಓದುವುದು. ಜನರಿಗೆ ಇದು ಎಷ್ಟು ರೂಢಿಯಾಯಿತೆಂದರೆ, ಸ್ಟೇಜಿನ ಮೇಲೆ ಲಕೋಟೆ ಕಂಡ ಕೂಡಲೇ ಹಿಂದಿನ ಸಾಲಿನಿಂದ "ಓಯ್, ಇವತ್ತು ಯಾರಿಗೆ ಡ್ಯೂಟಿ?" ಎಂಬ ಕೂಗು ಬರುತ್ತಿತ್ತು.

ಇನ್ನು ಲಕೋಟೆಯಲ್ಲಿ ಹಿಡಿಸದ ದೊಡ್ಡ ಪಾತ್ರವಾದರೆ ಸುಜಾತಕ್ಕ.

ಸುಜಾತಕ್ಕ ಬಂದದ್ದು ತೊಂಬತ್ತೊಂದರಲ್ಲಿ. ಮದುವೆ ಅದಕ್ಕೆ ಎರಡು ವರ್ಷ ಮುಂಚೆಯೇ ಆಗಿತ್ತು. ಇಪ್ಪತ್ತು ದಿನದ ರಜೆಯಲ್ಲಿ ತಾಳಿ ಕಟ್ಟಿ ಕುಶಲಣ್ಣ ತಿರುಗಿ ಬಂದಿದ್ದರು. ಆ ಎರಡು ವರ್ಷ ಸುರತ್ಕಲ್ಲಿನಲ್ಲಿ ಅವರಿಗೆ ಗಂಡ ಎಂದರೆ ಅಂಚೆಯಲ್ಲಿ ಬರುವ ಲಕೋಟೆಯೇ. ಇಲ್ಲಿಗೆ ಬಂದವರು ಒಂದು ಹೊಲಿಗೆ ಮೆಷಿನು ಕೊಂಡು ಮನೆಯಲ್ಲೇ ರವಿಕೆ ಹೊಲಿಯಲು ಶುರುಮಾಡಿದರು. ಕುಶಲಣ್ಣ ಸಂಜೆ ಗ್ಯಾರೇಜಿನಿಂದ ಬಂದು, ಬರೆದ ಕಾರ್ಡುಗಳನ್ನೆಲ್ಲ ಸಾಲಾಗಿ ಹರಡಿ ಒಬ್ಬೊಬ್ಬರ ಸ್ವರ ತೆಗೆದು ಅವರಿಗೆ ಓದಿ ಹೇಳುತ್ತಿದ್ದರು. ಇವರು ಮೆಷಿನು ತುಳಿಯುತ್ತ ಕೇಳುತ್ತಿದ್ದರು. ಹಾಗೆ ಇಡೀ ನಾಟಕ ಒಟ್ಟಿಗೆ ಇರುತ್ತಿದ್ದ ಜಾಗ ಇಡೀ ಬಹ್ರೈನಿನಲ್ಲಿ ಒಂದೇ, ಸುಜಾತಕ್ಕನ ತಲೆ.

ಒಂದು ಸಲ ಅಜ್ಜನ ಪಾತ್ರದವನಿಗೆ ಕೊನೆಯ ಗಳಿಗೆಯಲ್ಲಿ ಓವರ್‌ಟೈಮ್ ಬಿತ್ತು. ಸುಜಾತಕ್ಕ ಬಿಳಿ ಮೀಸೆ ಅಂಟಿಸಿಕೊಂಡು ಒಂದು ಅಕ್ಷರ ತಪ್ಪದೆ ಅಜ್ಜನಾದರು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. "ಗಾಡಿಗೆ ಸ್ಟೆಪ್ನಿ ಬೇಡ್ವಾ? ನಾನು ನಿಮ್ಮ ನಾಟಕದ ಸ್ಟೆಪ್ನಿ," ಎಂದು ಅವರೇ ತಮಾಷೆ ಮಾಡುತ್ತಿದ್ದರು. ಇನ್‌ಸ್ಪೆಕ್ಟರ್ ಆದರು, ದಲ್ಲಾಳಿಯಾದರು, ಮೈಮೇಲೆ ಭೂತ ಬರುವ ಪಾತ್ರಿಯಾದರು. ಒಮ್ಮೆ ಹೆಣವಾಗಿಯೂ ಮಲಗಿದರು, ಮಲಗಿದಲ್ಲಿಂದಲೇ ಮಾತು ಮರೆತ ಐವಿ ಬಾಯಿಗೆ ತುಟಿಯಲ್ಲಿ ಹೇಳಿಕೊಟ್ಟರು. ಮಗಳು ಅಶ್ಮಿತಾ ಚಿಕ್ಕವಳಿದ್ದಾಗ ಶಾಲೆಯಲ್ಲಿ "ಮೈ ಮದರ್ ಹ್ಯಾಸ್ ಎ ಮಸ್ಟಾಶ್" ಎಂದು ಬರೆದು ಟೀಚರನ್ನು ಗಾಬರಿಪಡಿಸಿದ್ದಳು. ಹೀಗೆ ಎಲ್ಲರ ಪಾತ್ರವೂ ಬಾಯಿಗೆ ಬರುತ್ತಿದ್ದವರಿಗೆ ತನ್ನದೇ ಒಂದು ಪಾತ್ರ ಕೊಟ್ಟರೆ ಸ್ಟೆಪ್ನಿ ಯಾರು? ಕುಶಲಣ್ಣ ಅಷ್ಟು ದೂರ ಯೋಚಿಸಿಯೂ ಇರಲಿಲ್ಲ. ಇದ್ದಾಳಲ್ಲ ಎಂದುಕೊಂಡಿದ್ದರು, ಅಷ್ಟೇ. ದೀಪದ ಬುಡ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ಬರೆಯಲು ಕೂತರೆ ಆಗಲಿಲ್ಲ. ಎರಡು ಸಂಜೆಗೆ ಒಂದು ನಾಟಕ ಮುಗಿಸುತ್ತಿದ್ದವರು ಎರಡು ವಾರ ಕಾರ್ಡು ಹರಿದರು. ಬರೆದದ್ದನ್ನು ಓದಿ ನೋಡುತ್ತಾರೆ, ಸುಜಾತಾಳನ್ನು ಕಳಚಿದರೂ ನಾಟಕ ಓಡುತ್ತದೆ. ಮತ್ತೆ ಬರೆಯುತ್ತಾರೆ, ಮತ್ತೆ ಓಡುತ್ತದೆ. ಹಾಳು ರೂಢಿ! "ನಲ್ವತ್ತು ವರ್ಷ ಬಿಚ್ಚುವ ಬೋಲ್ಟು ಮಾತ್ರ ಹಾಕಿದೆ ಐವಿ ಬಾಯಿ, ವೆಲ್ಡಿಂಗ್ ನನಗೆ ಬರುದೇ ಇಲ್ಲ," ಎಂದು ಫೋನಿನಲ್ಲಿ ಗೋಳಾಡಿದರು. ರಿಟೈರಾಗುವ ಹೊಸ್ತಿಲಲ್ಲಿದ್ದ ಐವಿ ಬಾಯಿಗೆ ಕರುಣೆಯೇ ಬರಲಿಲ್ಲ. "ಸುಜಕ್ಕನಿಗೆ ಮೂವತ್ತೈದು ವರ್ಷ ಕಾಯ್ಲಿಕ್ಕೆ ಆಯ್ತು, ನಿಮಗೆ ಎರಡು ವಾರ ಬರೀಲಿಕ್ಕೆ ಆಗುದಿಲ್ವಾ? ಬರೀರಿ ಸುಮ್ಮನೆ," ಎಂದು ಫೋನಿಟ್ಟರು.

ನಾಟಕ ಕೊನೆಗೆ ಕಣ್ಣೆದುರಿಗೇ ಸಿಕ್ಕಿತು. ಸುಜಾತಕ್ಕ ಸಾಮಾನು ಕಟ್ಟುತ್ತಿದ್ದರು. ತೂಕದ ಕಾಟಾಕ್ಕೆ ಪೆಟ್ಟಿಗೆ ತೂಗುಹಾಕಿ, ಮೂವತ್ತು ಕಿಲೋ ದಾಟಿದರೆ ಬಿಚ್ಚಿ ಏನಾದರೂ ಹೊರಗೆ ತೆಗೆಯುತ್ತಿದ್ದರು. ಹಾಗೆ ಹೊರಗೆ ಬಂದದ್ದೆಲ್ಲ ಅವರದೇ. ಅವರ ಸೀರೆ, ಅವರ ಇಸ್ತ್ರಿಪೆಟ್ಟಿಗೆ, ಕೊನೆಗೆ ಹೊಲಿಗೆ ಮೆಷಿನು. "ಮೇಲಿನ ಮನೆಯ ಮಿಸ್ರಿಯಾಗೆ ಕೊಡ್ತೇನೆ, ಅವಳು ಹೊಲಿಗೆ ಕಲೀತೇನೆ ಅಂತ ಹೇಳ್ತಿದ್ಳು," ಎಂದು ಮೆಷಿನಿಗೆ ಬಟ್ಟೆ ಮುಚ್ಚಿ ಗೋಡೆಬದಿಗೆ ಸರಿಸಿದರು. ಕುಶಲಣ್ಣನ ಇಪ್ಪತ್ತೆರಡು ಶರ್ಟು ಮಾತ್ರ ಪೆಟ್ಟಿಗೆಯಲ್ಲಿ ಬೆಚ್ಚಗಿದ್ದವು. ಕುಶಲಣ್ಣ ಆ ಶರ್ಟುಗಳನ್ನೂ ಗೋಡೆಬದಿಯ ಮೆಷಿನನ್ನೂ ನೋಡಿದರು. ಒಂದು ಕಟ್ಟು ಕಾರ್ಡು ಹಿಡಿದು ಬಾಲ್ಕನಿಗೆ ಹೋದರು.

ಮೂರೇ ಪಾತ್ರ. ಗುಲಾಬಿ, ಅವಳ ಗಂಡ ವಾಮನ, ಪಕ್ಕದ ಮನೆಯ ಬಾಯಮ್ಮ. ಊರಿಗೆ ಹೊರಟ ಗುಲಾಬಿ ತನ್ನ ಒಂದೊಂದೇ ವಸ್ತುವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಾಳೆ, ತೆಗೆಯುವಾಗ ಅದರ ಕತೆ ಹೇಳುತ್ತಾಳೆ. ವಾಮನ ಬೇಗ ಕಟ್ಟು ಎಂದು ಗದರಿಸುತ್ತಾನೆ. ಕೊನೆಗೆ ಅವನಿಗೆ ಬುದ್ಧಿ ಬರುತ್ತದೆ. ತನ್ನ ಪೆಟ್ಟಿಗೆಯನ್ನೇ ತಲೆಕೆಳಗು ಮಾಡಿ, "ಗುಲಾಬೀ, ನನ್ನ ಬಟ್ಟೆ ಇಲ್ಲೇ ಇರಲಿ, ನಿನ್ನ ಮೆಷಿನು ಬರಲಿ," ಎನ್ನುತ್ತಾನೆ. ಪರದೆ. ಗುಲಾಬಿಯನ್ನು ತೆಗೆದರೆ ಇದರಲ್ಲಿ ಏನು ಉಳಿಯುತ್ತದೆ? ಏನೂ ಇಲ್ಲ. ಗುಲಾಬಿಯ ಕಾರ್ಡಿನ ತಲೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಸುಜಾತಾ" ಎಂದು ಬರೆದು ಕೊಟ್ಟರು. ಸುಜಾತಕ್ಕ ಸೆರಗಿಗೆ ಕೈ ಒರೆಸಿಕೊಂಡು ಕಾರ್ಡು ಹಿಡಿದರು. ಹೆಸರು ಓದಿದರು, ಕಾರ್ಡು ತಿರುಗಿಸಿ ಹಿಂದೆ ಯಾವುದೋ ಗಾಡಿಯ ಬ್ರೇಕ್ ಪ್ಯಾಡಿನ ವಿಷಯ ಇರುವುದನ್ನೂ ಓದಿದರು, ಮತ್ತೆ ತಿರುಗಿಸಿ ಹೆಸರು ನೋಡಿದರು. "ಅಕ್ಷರ ಚಂದ ಬಂದಿದೆ," ಎಂದರು. ಕುಶಲಣ್ಣನಿಗೆ ಅವತ್ತು ಊಟ ಸೇರಿತು.

ಬಾಯಮ್ಮನ ಪಾತ್ರ ಐವಿ ಬಾಯಿಗೆ. ಅದನ್ನು ಕುಶಲಣ್ಣ ರೂಢಿಯ ಪ್ರಕಾರ ಕಳಚುವ ಹಾಗೆಯೇ ಬರೆದಿದ್ದರು. ವಾಮನನ ಪಾತ್ರ ರಜತ್‌ನಿಗೆ. ಅವನು ಹಿದ್ ಬಂದರಿನಲ್ಲಿ ಸರಕಿನ ಕಾಗದಪತ್ರ ನೋಡಿಕೊಳ್ಳುವ ಹುಡುಗ, ಕೂದಲಿಗೆ ಪೌಡರ್ ಹಚ್ಚಿದರೆ ಮುದುಕನಾಗುತ್ತಾನೆ, ಮಾತೂ ಸ್ಪಷ್ಟ. ಎರಡು ವಾರ ಅಭ್ಯಾಸ ಚೆನ್ನಾಗಿ ನಡೆಯಿತು. ಇಷ್ಟೆಲ್ಲ ಮಾಡಿದ ಕುಶಲಣ್ಣನಿಗೆ ಒಂದು ಸಣ್ಣ ಸಂಗತಿ ಹೊಳೆಯಲೇ ಇಲ್ಲ. ಒಬ್ಬರನ್ನು ಕಳಚಲಾಗದ ಹಾಗೆ ಬರೆದರೆ ಅವರ ಎದುರಿಗೆ ನಿಂತು ಮಾತಾಡುವವನನ್ನೂ ಕಳಚಲಾಗುವುದಿಲ್ಲ. ಸ್ಟೆಪ್ನಿಯನ್ನೇ ತೆಗೆದು ಚಕ್ರಕ್ಕೆ ಹಾಕಿ ಅವರು ಗಾಡಿ ಬಿಟ್ಟಿದ್ದರು.

ನಾಟಕ ಶುಕ್ರವಾರ ಸಂಜೆ ಏಳೂವರೆಗೆ, ಒಂದು ಕ್ಲಬ್ಬಿನ ಹಾಲಿನಲ್ಲಿ. ಮಂಗಳವಾರ ವಿಮಾನ. ಸಂಘದವರು ಬೀಳ್ಕೊಡುಗೆ, ಊಟ ಎಲ್ಲ ಇಟ್ಟಿದ್ದರು. ಆರೂವರೆಗೆ ಫೋನು ಬಂತು.

"ಕುಶಲಣ್ಣ, ತಪ್ಪು ತಿಳ್ಕೊಳ್ಬೇಡಿ." ರಜತ್‌ನ ಸ್ವರ ಅಳುವಂತಿತ್ತು. "ಬೆಳಿಗ್ಗೆ ಬರಬೇಕಾದ ಹಡಗು ಈಗ ಬಂತು. ಪೇಪರ್ಸ್ ಎಲ್ಲ ನನ್ನ ಕೈಯಲ್ಲೇ ಉಂಟು. ಕಾಲಿಗೆ ಬಿದ್ದೆ, ಮ್ಯಾನೇಜರ್ ಬಿಡುದಿಲ್ಲ."

ಕುಶಲಣ್ಣನಿಗೆ ಕೋಪ ಬರಲಿಲ್ಲ. ಇಂಥ ಫೋನು ನಲವತ್ತು ವರ್ಷ ಎತ್ತಿದವರು ಅವರು. "ಡ್ಯೂಟಿ ಮಾಡು ಮಗಾ," ಎಂದು ಫೋನಿಟ್ಟರು. ಇಟ್ಟ ಮೇಲೆಯೇ ಹೊಳೆಯಿತು, ವಾಮನನಿಗೆ ಸ್ಟೆಪ್ನಿ ಇಲ್ಲ. ಮಾಡಿದ್ದುಣ್ಣೋ ಮಹಾರಾಯ!

ಗ್ರೀನ್ ರೂಮಿನಲ್ಲಿ ಸುದ್ದಿ ಹರಡಿತು. ಸಂಘದ ಕಾರ್ಯದರ್ಶಿ ಪ್ರಖ್ಯಾತ್, ಬೆಂಗಳೂರಿನ ಹುಡುಗ, ಓಡಿ ಬಂದ. "ಸರ್, ಟೆನ್ಷನ್ ತಗೋಬೇಡಿ. ಪ್ಲೇ ಡ್ರಾಪ್ ಮಾಡೋಣ. ನಿಮ್ಮ ಹಳೇ ಫೋಟೋಸ್‌ದು ಸ್ಲೈಡ್ ಶೋ ಇದೆ, ಇಪ್ಪತ್ತು ನಿಮಿಷ ಆರಾಮಾಗಿ ಓಡತ್ತೆ."

"ಲಕೋಟೆ ಮಾಡುವ, ಕುಶಲಣ್ಣ," ಎಂದರು ಬಾಯಮ್ಮನ ಸೀರೆ ಉಟ್ಟು ಕೂತಿದ್ದ ಐವಿ ಬಾಯಿ. "ವಾಮನ ಮೊದಲೇ ಊರಿಗೆ ಹೋಗಿದ್ದಾನೆ ಅಂತ ಹೇಳುವ. ಅವನ ಮಾತನ್ನೆಲ್ಲ ನಾನು ಕಾಗದ ಅಂತ ಓದ್ತೇನೆ."

ಆಗಬಹುದಿತ್ತು. ಕುಶಲಣ್ಣ ಒಂದು ಕ್ಷಣ ಯೋಚಿಸಿಯೂ ಯೋಚಿಸಿದರು. ಆಮೇಲೆ ಸುಜಾತಕ್ಕ ಸುರತ್ಕಲ್ಲಿನಲ್ಲಿ ಲಕೋಟೆ ಕಾಯುತ್ತ ಕಳೆದ ಆ ಎರಡು ವರ್ಷ ನೆನಪಾಯಿತು. ತನ್ನದೆಂದು ಸಿಕ್ಕಿದ ಒಂದೇ ಪಾತ್ರದಲ್ಲೂ ಇವಳು ಲಕೋಟೆಯ ಜೊತೆ ಮಾತಾಡಬೇಕೇ? "ಬೇಡ," ಎಂದರು.

ಆಗ ಯಾರೂ ಹೇಳದೆಯೇ ಎಲ್ಲರೂ ಸುಜಾತಕ್ಕನ ಕಡೆ ನೋಡಿದರು. ಅಷ್ಟು ವರ್ಷದ ರೂಢಿ. ಸುಜಾತಕ್ಕನೂ ರೂಢಿಯಲ್ಲೇ ಕೈ ಚಾಚಿ ಮೇಜಿನ ಮೇಲಿದ್ದ ಮೀಸೆಯ ಡಬ್ಬಿ ಎಳೆದುಕೊಂಡರು. ಮುಡಿಯಲ್ಲಿ ಮಲ್ಲಿಗೆಯಿತ್ತು, ತಾನೇ ಹೊಲಿದ ಹೊಸ ರವಿಕೆ ತೊಟ್ಟಿದ್ದರು. "ರಜತ್‌ನದ್ದು ನನಗೆ ಬರ್ತದೆ," ಎಂದರು ಸಣ್ಣ ಸ್ವರದಲ್ಲಿ. "ನನ್ನದನ್ನು ಐವಿ ಮಾಡ್ಲಿ, ಕಾರ್ಡು ನೋಡಿಕೊಂಡು. ನಾಟಕ ನಿಲ್ಲುದು ಬೇಡ." ಮಲ್ಲಿಗೆ ತೆಗೆಯಲು ಒಂದು ಕೈ ತಲೆಗೆ ಹೋಯಿತು.

ಕುಶಲಣ್ಣನಿಗೆ ಆ ಕೈ ನೋಡಲಾಗಲಿಲ್ಲ. ಮುಂದೆ ಹೋಗಿ ಅವರ ಕೈಯಿಂದ ಡಬ್ಬಿ ಕಿತ್ತುಕೊಂಡರು.

"ಅದು ಇಲ್ಲಿ ಕೊಡು. ಮಲ್ಲಿಗೆ ಮುಟ್ಟಬೇಡ."

"ನಿಮಗೆಂಥಕ್ಕೆ ಮೀಸೆ?"

"ನನಗೆ ಬೇಕು."

ಹನ್ನೊಂದು ನಿಮಿಷದ ಕತೆ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಐವಿ ಬಾಯಿ ಶಿಲುಬೆಯ ಗುರುತು ಮಾಡಿಕೊಂಡು, "ಜೆಜು," ಎಂದರು. ಸುಜಾತಕ್ಕ ಎದ್ದು ಬಂದು ಗಂಡನ ತುಟಿಯ ಮೇಲೆ ಗೋಂದು ಹಚ್ಚಿ ಮೀಸೆ ಅಂಟಿಸಿದರು, ಬೆರಳಲ್ಲಿ ಒತ್ತಿ ಹಿಡಿದರು. "ಹೆದರ್ಬೇಡಿ, ನಾನು ಇದ್ದೇನಲ್ಲ," ಎಂದರು.

ಪರದೆ ಸರಿಯಿತು. ಕುಶಲಣ್ಣ ಬಲಗಡೆಯಿಂದ ಬಂದು ಸ್ಟೇಜಿನ ನಡುವೆ ನಿಂತರು. ಸಭೆಯಲ್ಲಿ ಮೊದಲು ಗುಸುಗುಸು, ಆಮೇಲೆ ಗುರುತು ಸಿಕ್ಕಿ ಚಪ್ಪಾಳೆಯೋ ಚಪ್ಪಾಳೆ. ಅಷ್ಟೇ ಸಾಕಾಯಿತು. ಬಾಯಿ ಒಣಗಿತು. ದೀಪಗಳ ಹಿಂದೆ ಇನ್ನೂರು ಮುಖ, ಕಾಲಡಿಯಲ್ಲಿ ಆ ಹಳೆಯ ಶುಕ್ರವಾರದ ಖರ್ಜೂರದ ಮರದ ನೆರಳು ಕಂಡ ಹಾಗಾಯಿತು. ತಾನೇ ಬರೆದ ಮೊದಲ ಮಾತು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಪೆಟ್ಟಿಗೆಯ ಮುಂದೆ ಕೂತ ಸುಜಾತಕ್ಕ ಗಂಡನ ಮುಖ ನೋಡಿದರು. ಒಂದು ಉಸಿರು ಕಾದರು, ಎರಡು ಉಸಿರು ಕಾದರು.

"ಗೊತ್ತುಂಟು, ಗೊತ್ತುಂಟು ನೀವು ಎಂಥ ಹೇಳ್ತೀರಿ ಅಂತ," ಎಂದರು, ಗುಲಾಬಿಯ ಸ್ವರದಲ್ಲಿಯೇ, ಜೋರಾಗಿ. "'ಇನ್ನೂ ಕಟ್ಟಿ ಆಗ್ಲಿಲ್ವಾ, ಎಂಥ ತುಂಬಿಸಿದ್ದೀ ಇದರಲ್ಲಿ, ಕಲ್ಲಾ?' ಅಂತ ಅಲ್ವಾ? ಮುಖದಲ್ಲೇ ಬರೆದಿದೆ."

ಸಭೆ ಗೊಳ್ಳೆಂದು ನಕ್ಕಿತು. ಕುಶಲಣ್ಣ ತಲೆಯಾಡಿಸಿದರು. ಮತ್ತೆ ನಗು. ಅಲ್ಲಿಂದ ಮುಂದೆ ಸುಜಾತಕ್ಕ ಇಡೀ ನಾಟಕವನ್ನು ಹಾಗೆಯೇ ನಡೆಸಿದರು. ತನ್ನ ಮಾತು ಹೇಳುವುದು, ಗಂಡನ ಕಡೆ ನೋಡುವುದು, "ಈಗ ಹೇಳ್ತೀರಿ, 'ಆ ಹಳೇ ಇಸ್ತ್ರಿಪೆಟ್ಟಿಗೆ ಯಾರಿಗೆ ಬೇಕು' ಅಂತ" ಎಂದು ಅವರ ಮಾತನ್ನೂ ತಾನೇ ಹೇಳುವುದು. ವಾಮನ ಹೂಂ ಎನ್ನುವುದು, ಇಲ್ಲವೇ ತಲೆ ಕೆರೆಯುವುದು. ಮಾತಾಡಬೇಕಿಲ್ಲದ ಗಂಡ! ಹೆಂಗಸರು ಕಣ್ಣೊರೆಸಿಕೊಂಡು ನಕ್ಕರು. ಕುಶಲಣ್ಣನಿಗೆ ಮೆಲ್ಲಗೆ ಉಸಿರು ಬಂತು, ಹೆಂಡತಿ ಮಾತಾಡುವುದನ್ನು ಕೇಳುವಷ್ಟು ಧೈರ್ಯವೂ ಬಂತು. ನೂರ ಇಪ್ಪತ್ತೇಳನೆಯ ಕೃತಿಯಲ್ಲಿ ಮೊದಲ ಬಾರಿ, ಅವಳು ಎಷ್ಟು ಚೆನ್ನಾಗಿ ಮಾಡುತ್ತಾಳೆ ಎಂದು ಎದುರಿಗೆ ನಿಂತು ನೋಡಿದರು.

ಹಾಗೆ ನಾಟಕ ಕೊನೆಗೆ ಬಂತು. ಪೆಟ್ಟಿಗೆಯಿಂದ ಗುಲಾಬಿಯದೆಲ್ಲ ಹೊರಗೆ ಬಂದಿತ್ತು. ಮೆಷಿನಿಗೆ ಬಟ್ಟೆ ಮುಚ್ಚಿ, "ಇದು ಇಲ್ಲೇ ಇರಲಿ, ಇದಕ್ಕೆ ತೂಕ ಜಾಸ್ತಿ," ಎಂದರು ಸುಜಾತಕ್ಕ. ಇನ್ನು ವಾಮನನ ಕೊನೆಯ ಮಾತು. ಕುಶಲಣ್ಣ ಅವರ ಕಡೆ ನೋಡಿದರು, ಹೇಳಿಕೊಡುತ್ತಾರೆಂದು ಕಾದರು. ಸುಜಾತಕ್ಕ ಹೇಳಿಕೊಡಲಿಲ್ಲ. ಮಾತು ಅವರಿಗೆ ಗೊತ್ತಿತ್ತು, ಎಂದಾದರೂ ಅವರಿಗೆ ಗೊತ್ತಿಲ್ಲದ್ದು ಇತ್ತೇ? ಆದರೂ ತುಟಿ ಬಿಚ್ಚಲಿಲ್ಲ. ಮೆಷಿನಿನ ಮೇಲೆ ಕೈಯಿಟ್ಟು ಸುಮ್ಮನೆ ಗಂಡನನ್ನು ನೋಡುತ್ತ ಕೂತರು. ನಾಟಕ ನಿಂತಿತು. ಸಭೆಯಲ್ಲಿ ನಗು ನಿಂತಿತು.

ಕುಶಲಣ್ಣ ನಾಲ್ಕು ಹೆಜ್ಜೆ ನಡೆದು ಅವರ ಮುಂದೆ ನೆಲದ ಮೇಲೆ ಕೂತರು. ಬರೆದ ಮಾತು ಬರಲಿಲ್ಲ.

"ಸುಜಾತಾ," ಎಂದರು. ಗುಲಾಬಿ ಎನ್ನಬೇಕಿತ್ತು. "ನೀನು ಹೇಳಿಕೊಡದೆ ನನಗೆ ಒಂದು ಮಾತೂ ಬರುದಿಲ್ಲ. ಇಷ್ಟು ವರ್ಷವೂ ಬರ್ಲಿಲ್ಲ. ಅದನ್ನು ಒಂದು ಸಲವೂ ನಿನಗೆ ಹೇಳ್ಲಿಲ್ಲ." ಮೀಸೆಯ ಒಂದು ತುದಿ ಬಿಟ್ಟುಕೊಂಡಿತು. "ಮೆಷಿನು ಬರಲಿ ಮಾರಾಯ್ತಿ. ನನ್ನ ಶರ್ಟು ಎಲ್ಲ ಇಲ್ಲೇ ಇರಲಿ."

ಸುಜಾತಕ್ಕ ಕೈ ಚಾಚಿ ಅವರ ಮೀಸೆಯ ತುದಿಯನ್ನು ಬೆರಳಲ್ಲಿ ಒತ್ತಿ ಅಂಟಿಸಿದರು. ಪರದೆ ಎಳೆಯಬೇಕಾದ ಪ್ರಖ್ಯಾತ್ ಹಗ್ಗ ಹಿಡಿದು ಅಳುತ್ತ ನಿಂತಿದ್ದ. ಐವಿ ಬಾಯಿ ಅವನ ಕೈಯಿಂದ ಕಸಿದು ಎಳೆದರು. ಹೊರಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. "ಕುಶಲಣ್ಣ ಕಡೇ ಡೈಲಾಗು ಎಂಥ ಬರೆದಿದ್ದಾರೆ ಮಾರಾಯ!" ಎಂದು ಯಾರೋ ಹೇಳಿದ್ದು ಪರದೆಯ ಈಚೆಗೂ ಕೇಳಿಸಿತು.

ಜನರೆಲ್ಲ ಊಟಕ್ಕೆ ಹೋದ ಮೇಲೆ ಗ್ರೀನ್ ರೂಮಿನಲ್ಲಿ ಇಬ್ಬರೇ ಉಳಿದರು. ಕುಶಲಣ್ಣ ಕುರ್ಚಿಯಲ್ಲಿ ಕುಸಿದಿದ್ದರು. ಸುಜಾತಕ್ಕ ಎಣ್ಣೆ ಮುಟ್ಟಿಸಿ ಮೀಸೆ ಬಿಡಿಸಿದರು.

"ಕೊನೆ ಮಾತು ತಪ್ಪಿದ್ರಿ," ಎಂದರು. "ಗುಲಾಬಿ ಅಂತ ಇತ್ತು."

"ಹೌದು."

"ಮೆಷಿನಿನ ವಿಷಯ? ಅದೂ ನಾಟಕಕ್ಕೆ ಹೇಳಿದ್ದಾ?"

"ಅಲ್ಲ. ಬರಲಿ."

"ಹಾಗಾದ್ರೆ ನಿಮ್ಮ ಶರ್ಟು ಮಿಸ್ರಿಯಾನ ಗಂಡನಿಗೆ. ಮೆಷಿನು ಸಿಗ್ಲಿಲ್ಲ ಅಂತ ಮಿಸ್ರಿಯಾ ಬೈತಾಳೆ, ಅವಳಿಗೆ ನಾನು ಬೇರೆ ಏನಾದ್ರೂ ಹೇಳ್ತೇನೆ." ಅವರು ಕುಶಲಣ್ಣನ ಜೇಬಿಗೆ ಕೈಹಾಕಿ ವಾಮನನ ಕಾರ್ಡು ತೆಗೆದರು. ಪೆನ್ನು ಕೇಳಿದರು. ಮೇಲೆ ಬರೆದಿದ್ದ ರಜತ್ ಎಂಬ ಹೆಸರನ್ನು ಹೊಡೆದು ಹಾಕಿ, ಕುಶಲ ಎಂದು ಬರೆದರು. ಕೆಳಗೆ ಕೊನೆಯ ಸಾಲನ್ನೂ ಹೊಡೆದು, ಕುಶಲಣ್ಣ ಸ್ಟೇಜಿನಲ್ಲಿ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಬರೆದರು. ಅವರಿಗೆ ಆಗಲೇ ಬಾಯಿಪಾಠವಾಗಿತ್ತು.

ಬರೆದು ಮುಗಿಸಿ ತನ್ನ ಕಾರ್ಡನ್ನೂ ಅದಕ್ಕೆ ಜೋಡಿಸಿ, ಪಾಸ್‌ಪೋರ್ಟುಗಳಿದ್ದ ಕೈಚೀಲದೊಳಗೆ ಇಟ್ಟು ಜಿಪ್ ಎಳೆದರು.

"ಪೆಟ್ಟಿಗೆಯಲ್ಲಿ ಇಡುದಿಲ್ವಾ?" ಎಂದು ಕೇಳಿದರು ಕುಶಲಣ್ಣ.

"ಬೇರೆಯವರದ್ದೆಲ್ಲ ಕಾರ್ಗೋದಲ್ಲಿ ಬರಲಿ," ಎಂದರು ಸುಜಾತಕ್ಕ. "ಇದು ನಮ್ಮ ಜೊತೆ ಬರ್ತದೆ. ಏಳಿ, ಊಟ ತಣ್ಣಗಾಗ್ತದೆ."